ವಿದೇಶದಿಂದ ಕಂಪ್ಯೂಟರ್ ಬಿಡಿಭಾಗ ತರಿಸುವವರಿಗೆ: ಉಳಿತಾಯ ಎಲ್ಲಿದೆ, ಎಲ್ಲಿಲ್ಲ

ನಮ್ಮ ಮನೆಯಿಂದ ಅಮೆರಿಕಕ್ಕೆ ಹೊರಡುವ ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಒಂದೆರಡು ಹತ್ತಿ ಸೀರೆ ಇರುತ್ತವೆ. ಅದೇ ಪೆಟ್ಟಿಗೆ ಮರಳಿ ಬರುವಾಗ ಒಳಗೆ ಏನಾದರೊಂದು ಕಂಪ್ಯೂಟರ್ ಬಿಡಿಭಾಗ ಇದ್ದೇ ಇರುತ್ತದೆ. ಭಾವಮೈದುನ ಆರಿಗನ್ ರಾಜ್ಯದ ಹಿಲ್ಸ್‌ಬರೊದಲ್ಲಿದ್ದಾನೆ. ನಾನು ಬೆಂಗಳೂರಿನಲ್ಲಿ ನೆಂಟರಿಷ್ಟರಿಗೆ ಕಂಪ್ಯೂಟರ್ ಜೋಡಿಸಿಕೊಡುವ ಹವ್ಯಾಸ ಅಂಟಿಸಿಕೊಂಡಿದ್ದೇನೆ. ಹೀಗೆ ತರಿಸುತ್ತಾ ಉಳಿಸಿದ್ದೂ ಇದೆ, ಕಳೆದುಕೊಂಡದ್ದೂ ಇದೆ. ಎರಡಕ್ಕೂ ಕಾರಣ ಒಂದೇ. ಡಾಲರ್ ಬೆಲೆಯನ್ನು ನೋಡಿ ಕುಣಿದಾಗ ಕಳೆದುಕೊಂಡೆ. ಸಾಮಾನು ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಿದಾಗ ಉಳಿಸಿದೆ.

ಈ ಬರಹ ಮನೆಬಳಕೆಗೆ ಒಂದೆರಡು ವಸ್ತು ತರಿಸುವವರಿಗೆ. ವ್ಯಾಪಾರಕ್ಕೆ ತರಿಸುವವರ ಮಾತು ನಡುವೆ ಒಮ್ಮೆ ಬರುತ್ತದೆ, ಅದೂ ಲೆಕ್ಕ ಅರ್ಥವಾಗಲಿ ಎಂದು.

ಮೊದಲ ಹೆಜ್ಜೆ: ಇಲ್ಲಿನ ಬೆಲೆ ವಿಚಾರಿಸಿ

ಹಾಸ್ಯವಲ್ಲ. ಅಮೆರಿಕದ ತಾಣದಲ್ಲಿ ಬೆಲೆ ಕಂಡ ಕೂಡಲೇ ಅಲ್ಲಿರುವ ತಮ್ಮನಿಗೆ ಸಂದೇಶ ಕಳಿಸುವವರೇ ಹೆಚ್ಚು. ಅದಕ್ಕೆ ಮೊದಲು ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್.ಪಿ. ರಸ್ತೆಯ ಎರಡು ಅಂಗಡಿಗಳಿಗೆ ಫೋನ್ ಮಾಡಿ, ಎರಡು ಭಾರತೀಯ ಆನ್‌ಲೈನ್ ಅಂಗಡಿಗಳನ್ನು ನೋಡಿ. ಕೇಳುವಾಗ "ಜಿಎಸ್‌ಟಿ ಬಿಲ್ ಸಮೇತ ಎಷ್ಟು?" ಎಂದೇ ಕೇಳಿ. ಬಿಲ್ ಇಲ್ಲದ ಬೆಲೆಯನ್ನು ವಿದೇಶದ ಬೆಲೆಯ ಜೊತೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ, ವಾರಂಟಿಯೂ ತಪ್ಪುತ್ತದೆ.

ಇನ್ನೊಂದು ವಿಷಯ. ಭಾರತದ ಅಂಗಡಿ ತೋರಿಸುವ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಅಮೆರಿಕದ ಅಂಗಡಿ ತೋರಿಸುವ ಬೆಲೆಯಲ್ಲಿ ಸೇರಿರುವುದಿಲ್ಲ. ಅಲ್ಲಿ ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ, ಊರಿನಿಂದ ಊರಿಗೆ ಬೇರೆ. ಟೆಕ್ಸಸ್‌ನ ದೊಡ್ಡ ಊರುಗಳಲ್ಲಿ ಶೇ 8.25 ಕಟ್ಟಬೇಕು. ಆರಿಗನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ನನ್ನ ಭಾವಮೈದುನ ಕೆಲಸಕ್ಕೆಂದು ಆ ಊರು ಸೇರಿದ. ನನ್ನ ಕಂಪ್ಯೂಟರಿಗೆ ಅದರಿಂದ ಅನುಕೂಲವಾಯಿತು.

ಎರಡನೆಯ ಹೆಜ್ಜೆ: ಸುಂಕದ ಲೆಕ್ಕ, ಕಾಗದದ ಮೇಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ. ಬಹಳ ಜನ ಎಡವುವ ಜಾಗ ಇದೇ.

ಒಂದು ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಮೂಡಿಸಿಕೊಡುವ ಬಿಡಿಭಾಗ) ಅಮೆರಿಕದಲ್ಲಿ 600 ಡಾಲರ್ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 85 ರೂಪಾಯಿ ಹಿಡಿಯೋಣ. 51,000 ರೂಪಾಯಿ ಆಯಿತು. ಅದೇ ಕಾರ್ಡ್ ಇಲ್ಲಿನ ಅಂಗಡಿಯಲ್ಲಿ ಬಿಲ್ ಸಹಿತ 62,000 ಇದೆ ಎಂದಿಟ್ಟುಕೊಳ್ಳಿ. ಹನ್ನೊಂದು ಸಾವಿರದ ಅಂತರ. "ಅಬ್ಬಾ, ಎಷ್ಟು ಲೂಟಿ!" ಎಂದು ಅನ್ನಿಸುವುದು ಸಹಜ. ಆದರೆ 51,000ಕ್ಕೆ ಶೇ 18ರ ಜಿಎಸ್‌ಟಿ ಸೇರಿಸಿ ನೋಡಿ: 60,180. ಅಂಗಡಿಯವನ ಮೇಲೆ ಹೊರಿಸಿದ ಲೂಟಿಯಲ್ಲಿ ಹೆಚ್ಚಿನ ಪಾಲು ಸರ್ಕಾರದ ತೆರಿಗೆಯೇ ಆಗಿರುತ್ತದೆ.

ಅಂಗಡಿಯವನಿಗೆ ಅದಕ್ಕಿಂತ ಹೆಚ್ಚಿನ ಸುಂಕ ಏಕಿಲ್ಲ? ಮಾಹಿತಿ ತಂತ್ರಜ್ಞಾನ ಒಪ್ಪಂದ ಎಂಬುದೊಂದಿದೆ. 1996ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಿಂಗಪುರ ಸಭೆಯಲ್ಲಿ ಅದು ರೂಪುಗೊಂಡಿತು, ಮರುವರ್ಷ ಭಾರತ ಸೇರಿತು. ಅದರ ಪ್ರಕಾರ ಕಂಪ್ಯೂಟರ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿನಂಥ ಬಿಡಿಭಾಗಗಳು ವ್ಯಾಪಾರಕ್ಕಾಗಿ ಬಂದರೆ ಮೂಲ ಕಸ್ಟಮ್ಸ್ ಸುಂಕ ಸೊನ್ನೆ. ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ ಮಾತ್ರ ಕಟ್ಟಬೇಕು. ಅದನ್ನೂ ನೋಂದಾಯಿತ ವ್ಯಾಪಾರಿ ಮುಂದೆ ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾನೆ.

ನಿಮ್ಮ ಹೆಸರಿಗೆ, ನಿಮ್ಮ ಬಳಕೆಗೆ ಕೊರಿಯರ್‌ನಲ್ಲೋ ಅಂಚೆಯಲ್ಲೋ ಬರುವ ಪೊಟ್ಟಣದ ಕತೆ ಬೇರೆ. ಸುಂಕದ ಪಟ್ಟಿಯಲ್ಲಿ 9804 ಎಂಬ ಶೀರ್ಷಿಕೆ ಇದೆ: ವೈಯಕ್ತಿಕ ಬಳಕೆಗಾಗಿ ಅಂಚೆ ಅಥವಾ ವಿಮಾನದ ಮೂಲಕ ಬರುವ ಸುಂಕಾರ್ಹ ವಸ್ತುಗಳು. ಸಾಮಾನ್ಯವಾಗಿ ನಿಮ್ಮ ಪೊಟ್ಟಣ ಅದರಡಿ ಬೀಳುತ್ತದೆ. ಒಳಗೆ ಪ್ರೊಸೆಸರ್ ಇದ್ದರೂ ಒಂದೇ, ಬೂಟು ಇದ್ದರೂ ಒಂದೇ. ಈ ಶೀರ್ಷಿಕೆಗೆ ಹಲವು ವರ್ಷ ಮೂಲ ಸುಂಕ ಶೇ 35, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲ ಸೇರಿದ ಮೊತ್ತದ ಮೇಲೆ ಶೇ 28ರ ಐಜಿಎಸ್‌ಟಿ ಇತ್ತು. ಒಟ್ಟು ಕೂಡಿಸಿದರೆ ಶೇ 77.28. ಅಂತರ್ಜಾಲದಲ್ಲಿ ಈ 77 ಇನ್ನೂ ತಿರುಗುತ್ತಿದೆ. ಆದರೆ 2025ರ ಬಜೆಟ್‌ನಲ್ಲಿ ಈ ಶೀರ್ಷಿಕೆಯ ಶೇ 35ರ ಮೂಲ ಸುಂಕವನ್ನು ಇಳಿಸಿದರು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಬಹುತೇಕ ವಸ್ತುಗಳಿಗೆ ಜಿಎಸ್‌ಟಿಯ 28ರ ಹಂತವೂ ಹೋಯಿತು. ಆದ್ದರಿಂದ ಹಳೆಯ ಅಂಕಿಯನ್ನು ನಂಬಬೇಡಿ. ತರಿಸುವ ವಾರ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ತಾಣದಲ್ಲಿ 9804ರ ಮುಂದೆ ಏನಿದೆ ಎಂದು ನೋಡಿ, ಕೆಳಗಿನ ಕ್ರಮದಲ್ಲಿ ಹಾಕಿ. ದರ ಫೆಬ್ರುವರಿಯಿಂದ ಫೆಬ್ರುವರಿಗೆ ಬದಲಾಗಬಹುದು, ಲೆಕ್ಕದ ಕ್ರಮ ಅದೇ ಇರುತ್ತದೆ.

ಕಸ್ಟಮ್ಸ್ ನೋಡುವುದು ವಸ್ತುವಿನ ಬೆಲೆಯನ್ನಷ್ಟೇ ಅಲ್ಲ. ಸಾಗಣೆ ಮತ್ತು ವಿಮೆಯನ್ನೂ ಸೇರಿಸುತ್ತದೆ. ವಿಮೆಯ ಮೊತ್ತ ತಿಳಿಯದಿದ್ದರೆ ಬೆಲೆಯ ಶೇ 1.125 ಎಂದು ಹಿಡಿಯುತ್ತಾರೆ, ಸಾಗಣೆ ತಿಳಿಯದಿದ್ದರೆ ಶೇ 20. ನಮ್ಮ ಕಾರ್ಡಿಗೆ ಸಾಗಣೆ 50 ಡಾಲರ್, ಅಂದರೆ 4,250. ವಿಮೆ 574. ಒಟ್ಟು ಮೌಲ್ಯ 55,824.

ಹಳೆಯ ಶೇ 77.28ರಲ್ಲಿ ಇದಕ್ಕೆ ಸುಂಕವೇ 43,140. ಮನೆ ತಲುಪುವಾಗ ಕಾರ್ಡಿನ ಬೆಲೆ 98,964! ಮೂಲ ಸುಂಕ 20, ಐಜಿಎಸ್‌ಟಿ 18 ಎಂದಿಟ್ಟುಕೊಂಡು ನೋಡಿ: 55,824ರ ಶೇ 22 (ಸರ್‌ಚಾರ್ಜ್ ಸೇರಿ) 12,281, ಕೂಡಿದರೆ 68,105, ಅದರ ಶೇ 18 ಅಂದರೆ 12,259. ಒಟ್ಟು 80,364. ಮೂಲ ಸುಂಕ 10 ಆದರೂ 73,118. ಮೂರೂ ಲೆಕ್ಕದಲ್ಲಿ ಎಸ್.ಪಿ. ರಸ್ತೆಯ 62,000ವೇ ಅಗ್ಗ. ಮೇಲಿನಿಂದ ಕೊರಿಯರ್ ಕಂಪನಿ ಸುಂಕವನ್ನು ತಾನೇ ಮೊದಲು ಕಟ್ಟಿದ್ದಕ್ಕೆ ಬೇರೆ ಶುಲ್ಕ ಹಾಕುತ್ತದೆ.

ಈಗ ಅದೇ ಕಾರ್ಡ್ ಭಾವಮೈದುನನ ಚೀಲದಲ್ಲಿ ಬಂದರೆ? ಪ್ರಯಾಣಿಕರ ಬ್ಯಾಗೇಜಿಗೆ ಬೇರೆಯೇ ನಿಯಮ. 2016ರ ಬ್ಯಾಗೇಜ್ ನಿಯಮದಲ್ಲಿ ಭಾರತದ ನಿವಾಸಿಗಳಿಗೂ ಭಾರತೀಯ ಮೂಲದವರಿಗೂ ತಲಾ 50,000 ರೂಪಾಯಿಯವರೆಗೆ ಸುಂಕವಿರಲಿಲ್ಲ; 2026ರ ಫೆಬ್ರುವರಿಯಲ್ಲಿ ಆ ಮಿತಿಯನ್ನು 75,000ಕ್ಕೆ ಏರಿಸಿದರು. ಅದನ್ನು ಮೀರಿದ ಭಾಗಕ್ಕೆ ಮಾತ್ರ ಶೇ 35, ಅದರ ಮೇಲೆ ಸರ್‌ಚಾರ್ಜ್, ಒಟ್ಟು ಶೇ 38.5. ಐಜಿಎಸ್‌ಟಿ ಇಲ್ಲ. ಈ ಮಿತಿಯನ್ನು ಸರ್ಕಾರ ಕಾಲಕಾಲಕ್ಕೆ ಏರಿಸುತ್ತದೆ, ಪ್ರಯಾಣಕ್ಕೆ ಮುನ್ನ ನೋಡಿಕೊಳ್ಳಿ; ನಾನಂತೂ 50,000 ಹಿಡಿದೇ ಲೆಕ್ಕ ಹಾಕುತ್ತೇನೆ, ಹೆಚ್ಚಿಗೆ ಸಿಕ್ಕಿದ್ದು ಲಾಭ. ಆರಿಗನ್‌ನಲ್ಲಿ ಕೊಂಡ 51,000ದ ಕಾರ್ಡಿಗೆ ಮೀರಿದ್ದು ಒಂದು ಸಾವಿರ, ಸುಂಕ 385 ರೂಪಾಯಿ. ಒಟ್ಟು 51,385. ಟೆಕ್ಸಸ್‌ನಲ್ಲಿ ಕೊಂಡಿದ್ದರೆ ಅಲ್ಲಿನ ತೆರಿಗೆ ಸೇರಿ ಬಿಲ್ 55,207, ಇಲ್ಲಿನ ಸುಂಕ 2,005, ಒಟ್ಟು 57,212. ಒಂದೇ ಕಾರ್ಡ್, ಒಂದೇ ತಯಾರಕ. ಬಂದ ದಾರಿಗೆ ತಕ್ಕಂತೆ 51 ಸಾವಿರದಿಂದ 98 ಸಾವಿರದವರೆಗೆ.

ನನ್ನ ಪದ್ಧತಿ: ಕೈಯಲ್ಲಿ ತರಿಸಿದಾಗ ಇಲ್ಲಿನ ಬೆಲೆಗಿಂತ ಶೇ 15ಕ್ಕಿಂತ ಕಡಿಮೆ ಉಳಿಯುವುದಾದರೆ ತರಿಸುವುದಿಲ್ಲ. ಉಳಿದ ಆ ಐದಾರು ಸಾವಿರವನ್ನು ವಾರಂಟಿಯ ಅನಿಶ್ಚಿತತೆ ನುಂಗುತ್ತದೆ. ಟೆಕ್ಸಸ್‌ನ ಕಾರ್ಡನ್ನು ನಾನು ತರಿಸುತ್ತಿರಲಿಲ್ಲ.

ಏನು ತರಿಸಬೇಕು

ಪ್ರೊಸೆಸರ್ ತರಿಸಲು ಸೊಗಸಾದ ವಸ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಸಾವಿರಾರು ರೂಪಾಯಿ ಬೆಲೆ, ಕೆಡುವುದು ಅಪರೂಪ. ರ್‍ಯಾಮ್, ಎಂ.2 ಎಸ್‌ಎಸ್‌ಡಿಗಳೂ ಅಷ್ಟೇ. ಶರ್ಟಿನ ಮಡಿಕೆಯಲ್ಲಿ ಕುಳಿತುಬಿಡುತ್ತವೆ. ಮ್ಯಾಕ್‌ಬುಕ್ ಮತ್ತು ದುಬಾರಿ ಲ್ಯಾಪ್‌ಟಾಪ್‌ಗಳ ಬಗ್ಗೆ ಮುಂದೆ ಹೇಳುತ್ತೇನೆ, ಅವಕ್ಕೆ ವಿಶೇಷ ರಿಯಾಯಿತಿ ಇದೆ. ಇಲ್ಲಿ ಸಿಗದ ವಸ್ತುಗಳದ್ದು ಇನ್ನೊಂದು ವರ್ಗ: ಬೆರಳುಗಳಿಗೆ ಹೊಂದುವಂತೆ ಎರಡು ಭಾಗವಾಗಿ ಒಡೆದ ಕೀಲಿಮಣೆ, ಹಳೆಯ ಮದರ್‌ಬೋರ್ಡಿಗೆ ಬೇಕಾದ ಯಾವುದೋ ಬ್ರಾಕೆಟ್. ಅವುಗಳಲ್ಲಿ ಉಳಿತಾಯದ ಪ್ರಶ್ನೆ ಇಲ್ಲ, ಸಿಗುವುದೇ ದೊಡ್ಡದು.

ಕ್ಯಾಬಿನೆಟ್ ತರಿಸಬೇಡಿ. ಕೊರಿಯರ್‌ನವರು ತೂಕದ ಜೊತೆಗೆ ಗಾತ್ರವನ್ನೂ ನೋಡುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ಮತ್ತು ನಿಜವಾದ ತೂಕ, ಎರಡರಲ್ಲಿ ಹೆಚ್ಚಿನದಕ್ಕೆ ದುಡ್ಡು. 55, 50, 30 ಸೆಂಟಿಮೀಟರಿನ ಕ್ಯಾಬಿನೆಟ್ ಪೆಟ್ಟಿಗೆಯಲ್ಲಿ ಇರುವುದು ಬಹುಪಾಲು ಗಾಳಿ. ನೀವು ಕಟ್ಟುವುದು ಹದಿನಾರೂವರೆ ಕಿಲೋಗೆ. ಮಾನಿಟರೂ ಬೇಡ. ಸುಂಕವಿಲ್ಲದ ಮಿತಿಯಿಂದ ಟಿವಿಯನ್ನು ನಿಯಮವೇ ಹೊರಗಿಟ್ಟಿದೆ. ಚಪ್ಪಟೆಯ ದೊಡ್ಡ ಪರದೆಯ ಪೆಟ್ಟಿಗೆ ಹೊತ್ತು ಬಂದವರು "ಇದು ಟಿವಿ ಅಲ್ಲ ಸ್ವಾಮಿ, ಮಾನಿಟರ್" ಎಂದು ಬೆಳಗಿನ ಜಾವ ಮೂರು ಗಂಟೆಗೆ ವಾದಿಸಬೇಕಾಗುತ್ತದೆ. ಯುಪಿಎಸ್ ಅಂತೂ ಮಾತೇ ಬೇಡ.

ಹಳೆಯ ಲ್ಯಾಪ್‌ಟಾಪ್ ವಿದೇಶದ ಹರಾಜು ತಾಣಗಳಲ್ಲಿ ಅಗ್ಗವಾಗಿ ಕಾಣುತ್ತದೆ. ಆದರೆ ಬಳಸಿದ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳ ಆಮದಿಗೆ ಅನುಮತಿ ಬೇಕೆಂದು ವಿದೇಶ ವ್ಯಾಪಾರ ನೀತಿ ಹೇಳುತ್ತದೆ. ಕೊರಿಯರ್‌ನಲ್ಲಿ ತರಿಸಿ ತಲೆನೋವು ತಂದುಕೊಳ್ಳಬೇಡಿ.

ಕೈಯಲ್ಲಿ ತರಿಸುವುದು ಹೇಗೆ

ಮೊದಲು ತರುವವರ ಒಪ್ಪಿಗೆ, ಪೂರ್ಣ ವಿವರದೊಂದಿಗೆ. ಏನು, ಎಷ್ಟು ತೂಕ, ಎಷ್ಟು ಬೆಲೆ, ಸುಂಕ ಬಂದರೆ ಯಾರು ಕಟ್ಟುತ್ತಾರೆ: ನಾಲ್ಕೂ ಮೊದಲೇ ಮಾತಾಗಬೇಕು. ಮಿತಿ ತರುವವರದ್ದು. ಅವರ ಹೆಂಡತಿಗೆ ಕೈಗಡಿಯಾರ, ಮಗಳಿಗೆ ಟ್ಯಾಬ್ಲೆಟ್ ಅದರಲ್ಲೇ ಬರಬೇಕು. "ನೀನು ಹೇಗೂ ಬರುತ್ತೀಯಲ್ಲ" ಎಂದು ನಿಮ್ಮ ಕಾರ್ಡನ್ನು ಅದರೊಳಗೆ ತುರುಕಿದರೆ ಮುಂದಿನ ಸಲ ಫೋನ್ ಎತ್ತುವುದಿಲ್ಲ. ಗಂಡ ಹೆಂಡತಿ ಇಬ್ಬರ ಮಿತಿಯನ್ನು ಒಂದೇ ವಸ್ತುವಿಗೆ ಕೂಡಿಸಲು ಬರುವುದಿಲ್ಲ. 90,000ದ ಕಾರ್ಡನ್ನು ಇಬ್ಬರು ಹಂಚಿಕೊಂಡು ತಂದೆವು ಎನ್ನಲಾಗದು. ನೇಪಾಳ, ಭೂತಾನ್, ಮ್ಯಾನ್ಮಾರ್‌ನಿಂದ ಬರುವವರಿಗೆ 2016ರ ನಿಯಮದಲ್ಲಿ ಮಿತಿ ಬರೀ 15,000 ಇತ್ತು.

ಲ್ಯಾಪ್‌ಟಾಪಿನ ರಿಯಾಯಿತಿ ಇಲ್ಲಿ ಬರುತ್ತದೆ. 18 ವರ್ಷ ತುಂಬಿದ ಪ್ರತಿ ಪ್ರಯಾಣಿಕರೂ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ಅದು ಮೇಲಿನ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಲಕ್ಷದ ಮ್ಯಾಕ್‌ಬುಕ್ ಆದರೂ ಸರಿ. ಇಡೀ ವ್ಯವಹಾರದಲ್ಲಿ ಅತಿ ದೊಡ್ಡ ಉಳಿತಾಯ ಇರುವುದು ಇಲ್ಲಿಯೇ. ಆದರೆ ಒಂದೇ. ತರುವವರು ತಮ್ಮ ಕಚೇರಿಯ ಲ್ಯಾಪ್‌ಟಾಪನ್ನೂ ಹಿಡಿದು ಬರುತ್ತಾರೆಯೇ ಎಂದು ಕೇಳಿ; ಕೇಳದೆ ಕೆಟ್ಟವರಿದ್ದಾರೆ.

ಕೊಳ್ಳುವ ಜಾಗದ ಮಾತು. ದುಬೈನಲ್ಲಿರುವ ಮಂಗಳೂರು, ಉಡುಪಿ ಕಡೆಯವರಿಗೆ ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆ ಗೊತ್ತಿರುತ್ತದೆ. ಕಂಪ್ಯೂಟರ್ ಬೀದಿ ಎಂದೇ ಹೆಸರು. ಅಲ್ಲಿ ವ್ಯಾಟ್ ಶೇ 5. ಪ್ರವಾಸಿ ವೀಸಾದಲ್ಲಿ ಹೋದವರು ಕನಿಷ್ಠ 250 ದಿರ್ಹಮ್ ಖರೀದಿಗೆ ಅಂಗಡಿಯಲ್ಲೇ ಮರುಪಾವತಿ ಚೀಟಿ ಮಾಡಿಸಿ ವಿಮಾನ ನಿಲ್ದಾಣದಲ್ಲಿ ಹಿಂದಕ್ಕೆ ಪಡೆಯಬಹುದು. ಅಲ್ಲೇ ನೆಲೆಸಿದವರಿಗೆ ಅದಿಲ್ಲ. ಸಿಂಗಪುರದಲ್ಲಿ ಸಿಮ್ ಲಿಮ್ ಸ್ಕ್ವೇರ್ ಹೆಸರುವಾಸಿ, 2024ರಿಂದ ಜಿಎಸ್‌ಟಿ ಶೇ 9, ಪ್ರವಾಸಿಗೆ 100 ಸಿಂಗಪುರ ಡಾಲರ್ ಮೇಲ್ಪಟ್ಟ ಖರೀದಿಗೆ ಮರುಪಾವತಿ. ಮರುಪಾವತಿ ಚೀಟಿಗೆ ಮೊಹರು ಬೀಳುವ ಮೊದಲೇ ಪೆಟ್ಟಿಗೆಯನ್ನು ಚೆಕ್‌-ಇನ್‌ಗೆ ಕೊಟ್ಟುಬಿಡಬೇಡಿ. ವಸ್ತುವನ್ನು ತೋರಿಸಿ ಎಂದರೆ ಕೈಯಲ್ಲಿರುವುದಿಲ್ಲ.

ಕೊಂಡ ಮೇಲೆ ಅಲ್ಲಿಯೇ ಒಮ್ಮೆ ಪೆಟ್ಟಿಗೆ ತೆರೆಸಿ. ಅಮೆರಿಕದ ಅಂಗಡಿಗಳಲ್ಲಿ ಹದಿನೈದೋ ಮೂವತ್ತೋ ದಿನ ಹಿಂದಿರುಗಿಸುವ ಅವಕಾಶ ಇರುತ್ತದೆ. ತರುವವರಿಗೆ ಕಂಪ್ಯೂಟರ್ ಗೊತ್ತಿದ್ದರೆ ಆ ಅವಧಿಯಲ್ಲೇ ಹಾಕಿ ನೋಡಲಿ. ಗೊತ್ತಿಲ್ಲದಿದ್ದರೆ ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆ, ವಸ್ತುವಿನ ಮೇಲಿನ ಸೀರಿಯಲ್ ಸಂಖ್ಯೆ ಎರಡರ ಚಿತ್ರವನ್ನಾದರೂ ಕಳಿಸಲಿ. ಎರಡೂ ಒಂದೇ ಇರಬೇಕು.

ಪ್ಯಾಕಿಂಗ್ ನನ್ನ ಅತ್ತೆಯವರಿಂದ ಕಲಿತದ್ದು. ಗ್ರಾಫಿಕ್ಸ್ ಕಾರ್ಡಿನ ಹೊರ ಪೆಟ್ಟಿಗೆ ಚಪ್ಪಟೆ ಮಡಿಚಿ ಸೂಟ್‌ಕೇಸಿನ ತಳಕ್ಕೆ. ಕಾರ್ಡ್ ಅದರ ಸ್ಥಿರ ವಿದ್ಯುತ್ ತಡೆಯುವ ಬೂದು ಚೀಲದಲ್ಲೇ ಇರಬೇಕು, ಅದರ ಸುತ್ತ ಅವರ ಹತ್ತಿ ಸೀರೆ ನಾಲ್ಕು ಸುತ್ತು, ಮೇಲೆ ಒಂದು ಟವೆಲ್. ಅದನ್ನು ಕೈಚೀಲದಲ್ಲಿಟ್ಟುಕೊಂಡು ಹದಿನೆಂಟು ಗಂಟೆ ಮಗುವಿನಂತೆ ಕಾಪಾಡಿ ತಂದರು. ರೇಷ್ಮೆ, ಉಣ್ಣೆ, ನೈಲಾನ್‌ ಬೇಡ, ಅವು ಸ್ಥಿರ ವಿದ್ಯುತ್ತಿನ ತವರು. ಎರಡು ಕಿಲೋ ತೂಗುವ ಕಾರ್ಡನ್ನು ಚೆಕ್‌-ಇನ್ ಸೂಟ್‌ಕೇಸಿಗೆ ಹಾಕಿದರೆ ಅದರ ಫ್ಯಾನಿನ ರೆಕ್ಕೆಯೋ ಬೋರ್ಡಿನ ಅಂಚೋ ಮುರಿಯುವ ಸಂಭವ ಇದೆ. ಎಎಂಡಿ ಕಂಪನಿಯ ಎಎಂ4 ಮಾದರಿಯ ಪ್ರೊಸೆಸರ್‌ಗಳಿಗೆ ಅಡಿಯಲ್ಲಿ ಕೂದಲಿನಂಥ ಪಿನ್ನುಗಳಿರುತ್ತವೆ, ಅವನ್ನು ಮೂಲ ಪ್ಲಾಸ್ಟಿಕ್ ಗೂಡಿನಿಂದ ಹೊರತೆಗೆಯಲೇಬೇಡಿ. ಎಎಂ5 ಮತ್ತು ಇಂಟೆಲ್‌ನವುಗಳಲ್ಲಿ ಪಿನ್ನು ಇರುವುದು ಮದರ್‌ಬೋರ್ಡಿನಲ್ಲಿ. ಬೋರ್ಡ್ ತರಿಸಿದರೆ ಸಾಕೆಟ್ಟಿನ ಮೇಲಿನ ಮುಚ್ಚಳ ಇದ್ದಲ್ಲೇ ಇರಲಿ.

ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್‌-ಇನ್‌ಗೆ ನಿಷಿದ್ಧ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್‌-ಗಂಟೆಯವರೆಗೆ ತಕರಾರಿಲ್ಲ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಇಳಿದ ಮೇಲೆ ಮಿತಿಯೊಳಗಿದ್ದರೆ ಹಸಿರು ಚಾನೆಲ್, ಮೀರಿದ್ದರೆ ಕೆಂಪು ಚಾನೆಲ್. ಪೆಟ್ಟಿಗೆ ಬಿಸಾಡಿ, ಸ್ಟಿಕರ್ ಕಿತ್ತು "ಹಳೆಯದು" ಎನ್ನುವ ಉಪಾಯ ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಸಿಕ್ಕಿಬಿದ್ದರೆ ವಸ್ತು ಜಪ್ತಿ, ಮೇಲೆ ದಂಡ. ಪಾಸ್‌ಪೋರ್ಟ್ ತೋರಿಸಿ ನಿಲ್ಲುವವರು ನೀವಲ್ಲ, ನಿಮ್ಮ ನೆಂಟರು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅತ್ತೆಯವರು ತಾವಾಗಿಯೇ ಕೆಂಪು ಚಾನೆಲ್‌ಗೆ ಹೋಗಿ, ಮುದ್ರಿಸಿ ತಂದ ಬಿಲ್ ಮುಂದಿಟ್ಟರು. ಅಧಿಕಾರಿ ಸೀರೆ ಬಿಚ್ಚಿಸಿ ಕಾರ್ಡನ್ನು ನೋಡಿ, "ಇದು ಏನಮ್ಮ?" ಎಂದರಂತೆ. "ಅಳಿಯ ಆಟ ಆಡೋದಕ್ಕೆ" ಎಂದರಂತೆ ಇವರು. ಒಂದೂವರೆ ಸಾವಿರದಷ್ಟು ಸುಂಕ, ಇಪ್ಪತ್ತು ನಿಮಿಷ, ಕೈಗೊಂದು ರಸೀದಿ. ಬಿಲ್ ಕಾಗದದಲ್ಲಿರಲಿ, ಇಳಿದ ಕೂಡಲೇ ಫೋನಿನಲ್ಲಿ ಇಂಟರ್ನೆಟ್ ಸಿಗುತ್ತದೆ ಎಂದು ನಂಬಬೇಡಿ.

ಕೊರಿಯರ್ ಅಥವಾ ಅಂಚೆ: ಇಲ್ಲಿ ಸಿಗದ ವಸ್ತುವಿಗೆ ಮಾತ್ರ

ವಿದೇಶದ ದೊಡ್ಡ ಅಂಗಡಿಗಳು ಭಾರತಕ್ಕೆ ಕಳಿಸುವಾಗ ಎರಡು ರೀತಿ ಮಾಡುತ್ತವೆ. ಅಮೆಜಾನಿನ ಅಮೆರಿಕ ತಾಣದಂಥವು ಆಮದು ಶುಲ್ಕದ ಅಂದಾಜನ್ನು ಖರೀದಿಯಲ್ಲೇ ಹಿಡಿದುಕೊಂಡು, ಹೆಚ್ಚಾಗಿದ್ದರೆ ಹಿಂದಿರುಗಿಸುತ್ತವೆ. ಉಳಿದವು ಕಳಿಸಿ ಕೈತೊಳೆದುಕೊಳ್ಳುತ್ತವೆ; ಸುಂಕ ಬಾಗಿಲಲ್ಲಿ ನಿಮ್ಮದು. ಹೊಸಬರಿಗೆ ಮೊದಲ ರೀತಿಯೇ ಒಳ್ಳೆಯದು, ಎಷ್ಟು ಬೀಳುತ್ತದೆ ಎಂದು ಮೊದಲೇ ಕಾಣುತ್ತದೆ. ಅಂಗಡಿ ನೇರವಾಗಿ ಭಾರತಕ್ಕೆ ಕಳಿಸಿದರೆ ಅಮೆರಿಕದ ಮಾರಾಟ ತೆರಿಗೆ ಬೀಳದು ಎಂಬುದೊಂದು ಅನುಕೂಲ. ಅಲ್ಲೊಂದು ವಿಳಾಸ ಕೊಟ್ಟು ಪೊಟ್ಟಣಗಳನ್ನು ಒಟ್ಟುಗೂಡಿಸಿ ಕಳಿಸುವ ಮಧ್ಯವರ್ತಿ ಸೇವೆಗಳೂ ಇವೆ. ನಾನು ಒಮ್ಮೆ ಹಾಗೆ ತರಿಸಿದ ಕೀಲಿಮಣೆಗೆ ಅವರು ತಮ್ಮ ಇನ್ನೊಂದು ದೊಡ್ಡ ಪೆಟ್ಟಿಗೆ ತೊಡಿಸಿದರು. ಗಾತ್ರದ ತೂಕ ಇಮ್ಮಡಿಯಾಯಿತು. ಈಗ "ಮೂಲ ಪೆಟ್ಟಿಗೆಯಲ್ಲೇ ಕಳಿಸಿ" ಎಂದು ಮೊದಲೇ ಬರೆದು ತಿಳಿಸುತ್ತೇನೆ.

ಸ್ನೇಹಿತನಿಂದ "ಗಿಫ್ಟ್" ಎಂದು ಬರೆಸಿದರೆ ಸುಂಕ ಇಲ್ಲ ಎಂಬ ನಂಬಿಕೆ ಇನ್ನೂ ಉಳಿದಿದೆ. 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ಆ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗೆ. ಬೆಲೆ ಕಡಿಮೆ ಬರೆಸುವುದೂ ಬೇಡ. ಅಧಿಕಾರಿಗಳ ಕೈಯಲ್ಲೂ ಇಂಟರ್ನೆಟ್ ಇದೆ, ಮಾದರಿ ಸಂಖ್ಯೆ ಹೊಡೆದರೆ ಬೆಲೆ ಕಾಣುತ್ತದೆ.

2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಲ್‌-ಇನ್‌-ಒನ್, ತೀರಾ ಚಿಕ್ಕ ಕಂಪ್ಯೂಟರ್ ಮತ್ತು ಸರ್ವರ್‌ಗಳ ಆಮದಿಗೆ ನಿರ್ಬಂಧ ಬಂದಾಗ ಗಾಬರಿಯಾದವರು ಬಹಳ. ಆನ್‌ಲೈನಿನಲ್ಲಿ ಕೊಂಡು ಅಂಚೆ ಅಥವಾ ಕೊರಿಯರ್‌ನಲ್ಲಿ ತರಿಸುವ ಒಂದಕ್ಕೆ ಪರವಾನಗಿ ಬೇಡ, ಸುಂಕ ಮಾತ್ರ ಕಟ್ಟಬೇಕು ಎಂದು ಅದೇ ಅಧಿಸೂಚನೆ ಹೇಳಿತ್ತು. ಪ್ರಯಾಣಿಕರ ಬ್ಯಾಗೇಜಿಗೂ ಅದು ಅನ್ವಯಿಸಲಿಲ್ಲ.

ಪೊಟ್ಟಣ ಹೊರಟ ಮೇಲೆ ಕೊರಿಯರ್ ಕಂಪನಿ ಗುರುತಿನ ದಾಖಲೆ ಕೇಳುತ್ತದೆ: ಪ್ಯಾನ್, ಆಧಾರ್ ಅಥವಾ ಪಾಸ್‌ಪೋರ್ಟ್. ವಿಳಾಸ, ಹೆಸರಿನ ಅಕ್ಷರಗಳು ದಾಖಲೆಯಲ್ಲಿದ್ದಂತೆಯೇ ಬಿಲ್ಲಿನಲ್ಲೂ ಇರಲಿ. ಇಲ್ಲೊಂದು ಎಚ್ಚರಿಕೆ ಕೊಡಲೇಬೇಕು. "ನಿಮ್ಮ ಪೊಟ್ಟಣ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಕೊಂಡಿ ಒತ್ತಿ" ಎಂಬ ಮೋಸದ ಸಂದೇಶ, ಅದರ ಬೆನ್ನಿಗೇ "ಡಿಜಿಟಲ್ ಅರೆಸ್ಟ್" ಎಂಬ ಬೆದರಿಕೆಯ ಕರೆ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಉಳಿತಾಯ ನುಂಗಿವೆ. ನಿಜವಾಗಿಯೂ ಏನನ್ನೋ ತರಿಸಿರುವವರು ಇದಕ್ಕೆ ಬೇಗ ಬೀಳುತ್ತಾರೆ, ಏಕೆಂದರೆ ಕಾಯುತ್ತಿರುತ್ತಾರೆ. ಸಂದೇಶದ ಕೊಂಡಿಯನ್ನು ಮುಟ್ಟದೆ ಕಂಪನಿಯ ತಾಣವನ್ನು ನೀವೇ ತೆರೆದು, ನಿಮ್ಮ ಬಳಿ ಇರುವ ಟ್ರ್ಯಾಕಿಂಗ್ ಸಂಖ್ಯೆ ಹಾಕಿ ನೋಡಿ. ಅಂಚೆಯದ್ದಾದರೆ ಸಂಖ್ಯೆ ಹದಿಮೂರು ಅಕ್ಷರದ್ದು: ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ.

ದುಡ್ಡು ಕಟ್ಟುವಾಗ

ನಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ, 2020ರಿಂದ ಅದನ್ನು ನಾವೇ ಆ್ಯಪ್‌ನಲ್ಲಿ ತೆರೆಯಬೇಕು. ಕೆಲಸ ಮುಗಿದ ಮೇಲೆ ಮುಚ್ಚಿ. ಹಲವು ಕಾರ್ಡ್‌ಗಳು ಶೇ 3.5ರವರೆಗೆ ವಿನಿಮಯದ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತವೆ; 51,000ಕ್ಕೆ ಇದೇ ಎರಡು ಸಾವಿರ ದಾಟುತ್ತದೆ. "ರೂಪಾಯಿಯಲ್ಲಿ ಪಾವತಿಸುವಿರಾ?" ಎಂದು ಅಂಗಡಿಯ ಯಂತ್ರ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣದಲ್ಲೇ ಕಟ್ಟಿ, ರೂಪಾಯಿಯ ದರವನ್ನು ಅವರಿಗೆ ಬೇಕಾದಂತೆ ಹಾಕಿರುತ್ತಾರೆ.

ವೋಲ್ಟೇಜ್ ಮತ್ತು ಕೀಲಿಮಣೆ

ಇದು ನನ್ನ ಅವಮಾನದ ಅಧ್ಯಾಯ. ಸಂಬಂಧಿಕರೊಬ್ಬರು ಅಮೆರಿಕದಿಂದ ಊರಿಗೆ ಬರುವಾಗ ತಮ್ಮ ಹಳೆಯ ಡೆಸ್ಕ್‌ಟಾಪನ್ನೂ ತಂದಿದ್ದರು. ಅದರ ಹಿಂದೆ, ತಂತಿ ಚುಚ್ಚುವ ಜಾಗದ ಪಕ್ಕ, ಉಗುರಿನಷ್ಟು ಅಗಲದ ಒಂದು ಕೆಂಪು ಸ್ವಿಚ್. ಅದರಲ್ಲಿ ಚಿಕ್ಕದಾಗಿ 115 ಎಂದು ಕಾಣುತ್ತಿತ್ತು. ನಾನು ಆ ಅಂಕಿ ನೋಡಿದೆ, ಓದಲಿಲ್ಲ. ಗೋಡೆಯ ಸ್ವಿಚ್ ಹಾಕಿದ ಕ್ಷಣ ಮಾಲೆ ಪಟಾಕಿಯ ಒಂದು ಕಾಯಿ ಸಿಡಿದ ಸದ್ದು, ಮೀನು ಸುಟ್ಟಂಥ ನಾತ, ಮನೆಯ ಎಂಸಿಬಿ ಕೆಳಗೆ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ನಮ್ಮಲ್ಲಿ 230. ಆ ಸ್ವಿಚ್ಚನ್ನು ಸ್ಕ್ರೂಡ್ರೈವರಿನ ತುದಿಯಿಂದ 230ಕ್ಕೆ ಸರಿಸಿದ್ದರೆ ಸಾಕಿತ್ತು.

ಆದ್ದರಿಂದ ಪವರ್ ಸಪ್ಲೈ, ಅಡಾಪ್ಟರ್, ರೂಟರ್ ಯಾವುದೇ ಬರಲಿ, ಅದರ ಚೀಟಿಯಲ್ಲಿ "ಇನ್‌ಪುಟ್" ಎಂಬ ಸಾಲನ್ನು ಹುಡುಕಿ. 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪ್ಲಗ್ ಬದಲಿಸಿ ಬಳಸಬಹುದು. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು ಬಹುತೇಕ ಹೀಗೇ ಇರುತ್ತವೆ. ಬರೀ 115 ಅಥವಾ 120 ಎಂದಿದ್ದರೆ ಹಾಕಬೇಡಿ. ಪ್ಲಗ್‌ಗೆ ಹತ್ತು ರೂಪಾಯಿಯ ಸಡಿಲ ಕನ್ವರ್ಟರ್ ಬಳಸುವ ಬದಲು ಗೋಡೆಗೆ ಹೋಗುವ ತಂತಿಯನ್ನೇ ಇಲ್ಲಿ ಹೊಸದಾಗಿ ಕೊಳ್ಳಿ. ಡೆಸ್ಕ್‌ಟಾಪಿನ ಮೂರು ಕಡ್ಡಿಯ ತಂತಿ ಎಸ್.ಪಿ. ರಸ್ತೆಯಲ್ಲಿ ಎಲ್ಲಿ ಕೇಳಿದರೂ ಸಿಗುತ್ತದೆ, ಮತ್ತು ಅರ್ಥಿಂಗ್ ಸರಿಯಾಗಿ ಕೂರುತ್ತದೆ.

ಕೀಲಿಮಣೆಯನ್ನು ಲ್ಯಾಪ್‌ಟಾಪ್ ಕೊಳ್ಳುವಾಗ ಎಲ್ಲರೂ ಮರೆಯುತ್ತಾರೆ. ದುಬೈನವುಗಳಲ್ಲಿ ಅರಬ್ಬಿ ಅಕ್ಷರಗಳು ಜೊತೆಗಿರುತ್ತವೆ. ಜಪಾನಿನವುಗಳಲ್ಲಿ ಸ್ಪೇಸ್‌ಬಾರ್ ಗಿಡ್ಡ, ಅದರ ಅಕ್ಕಪಕ್ಕ ಹೆಚ್ಚುವರಿ ಕೀಲಿಗಳು. ಫ್ರಾನ್ಸಿನದರಲ್ಲಿ ಅಕ್ಷರಗಳ ಜಾಗವೇ ಬೇರೆ. ಮೊದಲ ವಾರ ಮಜಾ ಅನ್ನಿಸುತ್ತದೆ, ಆಮೇಲೆ ಪಾಸ್‌ವರ್ಡ್ ಹೊಡೆಯುವಾಗಲೆಲ್ಲ ಶಾಪ.

ವಾರಂಟಿ

ಪ್ರತಿ ಕಂಪನಿಯ ಮಾತು ಬೇರೆ, ಒಂದೇ ಕಂಪನಿಯ ಎರಡು ವಸ್ತುಗಳಿಗೂ ಬೇರೆ. ಮ್ಯಾಕ್‌ಬುಕ್ಕಿನ ಒಂದು ವರ್ಷದ ವಾರಂಟಿ ಬೇರೆ ದೇಶದಲ್ಲಿ ಕೊಂಡಿದ್ದರೂ ಇಲ್ಲಿ ನಡೆಯುತ್ತದೆ. ಲೆನೊವೊ ಥಿಂಕ್‌ಪ್ಯಾಡಿನ ಎಷ್ಟೋ ಮಾದರಿಗಳಿಗೆ ಅಂತಾರಾಷ್ಟ್ರೀಯ ವಾರಂಟಿ ಇದೆ. ಡೆಲ್‌ನಲ್ಲಿ ದೇಶ ಬದಲಾದುದನ್ನು ನೋಂದಾಯಿಸಬೇಕು. ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್‌ಗಳೇ ಕಷ್ಟದವು. ಇಲ್ಲಿ ಅವುಗಳ ಸೇವೆ ನಡೆಯುವುದು ವಿತರಕರ ಮೂಲಕ. ಸೀರಿಯಲ್ ಸಂಖ್ಯೆ ಹಾಕಿದಾಗ "ಈ ವಸ್ತು ಭಾರತದ್ದಲ್ಲ" ಎಂದು ಬಂದರೆ ಬಾಗಿಲು ಮುಚ್ಚಿತು. ಕೊಳ್ಳುವ ಮೊದಲು ಆ ಕಂಪನಿಯ ಭಾರತದ ಗ್ರಾಹಕ ಸೇವೆಗೆ ಮಿಂಚಂಚೆ ಬರೆದು "ಅಮೆರಿಕದಲ್ಲಿ ಕೊಂಡದ್ದಕ್ಕೆ ಬೆಂಗಳೂರಿನಲ್ಲಿ ಸೇವೆ ಕೊಡುತ್ತೀರಾ?" ಎಂದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ ಸಿಕ್ಕ "ಹೌದು ಸಾರ್‌"ಗೆ ಬೆಲೆ ಇಲ್ಲ.

ಕೆಟ್ಟ ವಸ್ತುವನ್ನು ವಿದೇಶಕ್ಕೆ ಕಳಿಸಿ ಬದಲಿ ತರಿಸಿಕೊಳ್ಳುವುದಾದರೆ ಕಳಿಸುವಾಗ ದುರಸ್ತಿಗೆಂದು ದಾಖಲೆ ಮಾಡಿಸಿಯೇ ಕಳಿಸಿ. ಸುಮ್ಮನೆ ಪೊಟ್ಟಣ ಕಟ್ಟಿ ಕಳಿಸಿದರೆ ಮರಳಿ ಬರುವಾಗ ಅದು ಹೊಸ ಆಮದು, ಮತ್ತೆ ಸುಂಕ. ಅಮೆರಿಕದಲ್ಲಿ ತಮ್ಮನೋ ಅಕ್ಕನೋ ಇದ್ದರೆ ಅಲ್ಲಿನ ವಿಳಾಸಕ್ಕೇ ಬದಲಿ ಬರಲಿ, ಮುಂದಿನ ಪ್ರಯಾಣದಲ್ಲಿ ತರಲಿ. ನನ್ನ ಒಂದು ಎಸ್‌ಎಸ್‌ಡಿ ಹಾಗೆ ಏಳು ತಿಂಗಳು ಹಿಲ್ಸ್‌ಬರೊದ ಅಡುಗೆಮನೆಯ ಡ್ರಾಯರಿನಲ್ಲಿ ಕಾದಿತ್ತು.

ಕೈಗೆ ಬಂದ ದಿನ

ಪೆಟ್ಟಿಗೆ ತೆರೆಯುವಾಗ ವಿಡಿಯೊ ಮಾಡಿ, ಮೊಹರು, ಸೀರಿಯಲ್ ಸಂಖ್ಯೆ ಕಾಣುವಂತೆ. ಅದೇ ವಾರ ಪರೀಕ್ಷೆ ಮಾಡಿ, ಹಬ್ಬಕ್ಕೆ ಜೋಡಿಸೋಣ ಎಂದು ಅಟ್ಟಕ್ಕೆ ಏರಿಸಬೇಡಿ. ರ್‍ಯಾಮಿಗೆ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯ ತಂತ್ರಾಂಶ ರಾತ್ರಿಯಿಡೀ ಓಡಲಿ, ಎಸ್‌ಎಸ್‌ಡಿಯ ಪೂರ್ಣ ಸಾಮರ್ಥ್ಯಕ್ಕೆ ಒಮ್ಮೆ ಕಡತ ತುಂಬಿ ನೋಡಿ (ಎರಡು ಟಿಬಿ ಎಂದು ತೋರಿಸಿ ಒಳಗೆ 64 ಜಿಬಿ ಇರುವ ನಕಲಿಗಳು ಹೀಗೇ ಸಿಕ್ಕಿಬೀಳುವುದು), ಗ್ರಾಫಿಕ್ಸ್ ಕಾರ್ಡಿಗೆ ಅರ್ಧ ಗಂಟೆ ಪೂರ್ತಿ ಹೊರೆ ಕೊಟ್ಟು ಶಾಖ ಗಮನಿಸಿ.

ಬಿಲ್, ಬ್ಯಾಗೇಜ್ ಸುಂಕದ ರಸೀದಿ, ಸೀರಿಯಲ್ ಚಿತ್ರಗಳನ್ನು ಒಂದೇ ಕಡತದಲ್ಲಿಡಿ. ಮುಂದೆ ಆ ದುಬಾರಿ ಲ್ಯಾಪ್‌ಟಾಪನ್ನೋ ಕ್ಯಾಮೆರಾವನ್ನೋ ಹಿಡಿದು ನೀವೇ ವಿದೇಶಕ್ಕೆ ಹೊರಟರೆ, ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಅವನ್ನು ತೋರಿಸಿ, ಮರಳಿ ಬರುವಾಗ ಮತ್ತೆ ಸುಂಕ ಕೇಳದಂತೆ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಿ. ಅದಕ್ಕೆ ಈ ರಸೀದಿ ಬೇಕಾಗುತ್ತದೆ, ಮತ್ತು ಸಾಲು ಇರುತ್ತದೆ, ಅರ್ಧ ಗಂಟೆ ಮೊದಲೇ ಮನೆ ಬಿಡಿ.